ಅಳಿಯನ ಅಂಜಿಕೆ

ನಮ್ಮ ಅಂಜಿಕೆಯ ರುಚಿ ಬೇರೆ, ಇನ್ನೊಬ್ಬರ ಅಂಜಿಕೆಯ ರುಚಿ ಬೇರೆ. ಖಾನಾವಳಿ ನಡೆಸಿ ಕೂದಲು ನರೆತವಳು ನಾನು, ರುಚಿಯ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ನಮ್ಮದು ಎಷ್ಟೇ ದೊಡ್ಡದಿರಲಿ, ಯಾವಾಗ ಬರುತ್ತದೆ, ಎಲ್ಲಿ ಕೂರುತ್ತದೆ, ಯಾವಾಗ ಎದ್ದು ಹೋಗುತ್ತದೆ ಎನ್ನುವುದು ನಮಗೆ ಗೊತ್ತಿರುತ್ತದೆ. ಇನ್ನೊಬ್ಬರದು ಹಾಗಲ್ಲ. ಅದು ಮೈಯೊಳಗೆ ಬಂದು ಕೂತರೆ ನಮ್ಮ ಕೈ ನಮ್ಮದೆಂದು ಗುರುತು ಸಿಗುವುದಿಲ್ಲ. ನಾನು ನನ್ನ ಅಳಿಯ ಫಕೀರೇಶನ ಅಂಜಿಕೆಯನ್ನು ಇಟ್ಟುಕೊಂಡಿದ್ದೆ.

ನಮ್ಮೂರಿಗೆ ಎರಡು ಕೆರೆ. ಬೇಸಿಗೆ, ಮಳೆಗಾಲ ಎನ್ನದೆ ಎರಡೂ ಮಂಜುಗಡ್ಡೆ ಕಟ್ಟಿಕೊಂಡೇ ಇರುತ್ತವೆ. ದಡದಲ್ಲಿ ನಾವು ಹಪ್ಪಳ ಒಣಗಿಸುತ್ತೇವೆ, ಗಡ್ಡೆಯ ಮೇಲೆ ಗಂಡಸರು ಅಲಗಿನ ಬೂಟು ತೊಟ್ಟು ಹಾಕಿಯಾಟ ಆಡುತ್ತಾರೆ. ಉದ್ದನೆಯ ಕೋಲಿನಿಂದ ಕರಿಯ ಬಿಲ್ಲೆಯನ್ನು ಹೊಡೆದು ಬಲೆಯೊಳಗೆ ಹಾಕಿದರೆ ಗೋಲು. ಕೆಳಗಿನ ಕೆರೆಯಲ್ಲಿ ಯಾರು ಬೇಕಾದರೂ ಆಡಬಹುದು, ಮೇಲಿನ ಕೆರೆಯಲ್ಲಿ ಆರಿಸಿ ಕರೆದವರು ಮಾತ್ರ. ಗಡ್ಡೆಗೆ ಒಂದೇ ಹಟ, ಅಂಜಿದವರನ್ನು ಅದು ಹೊರುವುದಿಲ್ಲ. ಎದೆ ನಡುಗಿತೋ, ಕಾಲ ಕೆಳಗೆ ಬಿರುಕು ಬಿಟ್ಟಿತು. ಆದ್ದರಿಂದ ಆಡುವವನು ತನ್ನ ಅಂಜಿಕೆಯನ್ನು ದಡದಲ್ಲಿ ಒಬ್ಬರ ಕೈಗೆ ಕೊಟ್ಟು ಇಳಿಯಬೇಕು. ಇಟ್ಟುಕೊಳ್ಳುವವರು ಅದೇ ಒಲೆಯ ಅನ್ನ ತಿನ್ನುವವರಾಗಿರಬೇಕು. ಅಂಗೈಗೆ ಅಂಗೈ ಹಚ್ಚಿ ಅವನು ಇಟ್ಕೋ ಎನ್ನುತ್ತಾನೆ, ಇವರು ಇಟ್ಕೊಂಡೆ ಎನ್ನುತ್ತಾರೆ. ಆಟ ಮುಗಿಯುವವರೆಗೆ ಇವರು ಕಂಬಳಿಯ ಮೇಲಿಂದ ಏಳುವಂತಿಲ್ಲ, ಎದ್ದರೆ ಅಂಜಿಕೆ ಹಾರಿ ಗಡ್ಡೆಯ ಮೇಲಿನ ಒಡೆಯನ ಹತ್ತಿರವೇ ಹೋಗುತ್ತದೆ. ಆಟ ಮುಗಿದ ಮೇಲೆ ಮತ್ತೆ ಅಂಗೈಗೆ ಅಂಗೈ ಹಚ್ಚಿ ಅವನದನ್ನು ಅವನಿಗೆ ಕೊಡಬೇಕು. ಇದಕ್ಕೆ ದಡ ಹಿಡಿಯುವುದು ಎನ್ನುತ್ತಾರೆ. ದಡ ಹಿಡಿದವರು ಒಳಗೆ ಏನು ಕಂಡರೂ ಬಾಯಿ ಬಿಡಬಾರದು. ಬಿಟ್ಟವರನ್ನು ಆಮೇಲೆ ಯಾವ ದಡವೂ ಕೂರಿಸಿಕೊಳ್ಳುವುದಿಲ್ಲ, ಯಾರ ಗುಟ್ಟು ಹೊರಬಿತ್ತೋ ಅವನನ್ನು ಯಾವ ಕೆರೆಯೂ ಇಳಿಸಿಕೊಳ್ಳುವುದಿಲ್ಲ.

ಫಕೀರೇಶ ನಮ್ಮ ಮನೆ ಅಳಿಯ. ಎದುರಿಗೆ ನೀವು ಎನ್ನುತ್ತೇನೆ, ಬೆನ್ನ ಹಿಂದೆ ಅವನು. ಊರಿನ ಅತ್ತೆಯರೆಲ್ಲ ಹೀಗೇ, ನಾನೇನು ಬೇರೆಯಲ್ಲ. ಕೆಳಗಿನ ಕೆರೆಯಲ್ಲಿ ಅವನಷ್ಟು ಗೋಲು ಹೊಡೆದವರು ಇನ್ನೊಬ್ಬರಿರಲಿಲ್ಲ. ಆದರೂ ಮೇಲಿನ ಕೆರೆಯ ಹಿರಿಯ ಕರಿಬಸಪ್ಪನವರು ಆರಿಸಲು ಬಂದಾಗಲೆಲ್ಲ ಇವನನ್ನು ಬಿಟ್ಟು ಮತ್ತೊಬ್ಬನನ್ನು ಕರೆದುಕೊಂಡು ಹೋಗುತ್ತಿದ್ದರು. ತನ್ನ ಹೊಡೆತದಲ್ಲೇ ದೋಷವಿದೆ ಎಂದು ಇವನು ನಂಬಿದ್ದ. ಖಾನಾವಳಿಯ ಹಿಂದಿನ ಗೋಡೆಗೆ ಬಿಲ್ಲೆ ಹೊಡೆದು ಹೊಡೆದು ಗಾರೆ ಉದುರಿಸಿದ. ಕೋಲು ಬದಲಿಸಿದ, ಬೂಟಿನ ಅಲಗನ್ನು ಮತ್ತೆ ಮತ್ತೆ ಸಾಣೆಗೆ ಕೊಟ್ಟ, ಬಲಗೈ ಬಿಟ್ಟು ಎಡಗೈಯಲ್ಲಿ ಹೊಡೆಯುವುದನ್ನು ಕಲಿತ. ಓರಗೆಯವರೆಲ್ಲ ಆಟ ಬಿಟ್ಟು ಹೊಟ್ಟೆ ಬೆಳೆಸಿಕೊಂಡರು, ಇವನೊಬ್ಬ ನೆಲಗಟ್ಟಿನ ಮೇಲೆ ಬಗ್ಗಿ ಗೆರೆ ಎಳೆದು ಲೆಕ್ಕ ಹಾಕುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ರೊಟ್ಟಿ ತಟ್ಟಲು ಎರಡು ಕೈ ಸಾಲದ ಮನೆಯಲ್ಲಿ ಇವನ ಎರಡೂ ಕೈ ಕೋಲಿಗೆ ಮೀಸಲು.

ಮೊದಲು ದಡ ಹಿಡಿಯುತ್ತಿದ್ದವಳು ನನ್ನ ಮಗಳು ಕಸ್ತೂರಿ. ಬಸುರಿಯಾದವರು ದಡ ಹಿಡಿಯಬಾರದು ಎನ್ನುವುದು ಹಿಂದಿನಿಂದ ನಡೆದುಬಂದದ್ದು. ಆಕೆಗೆ ದಿನ ತುಂಬುವವರೆಗೆ ಆಟ ಬಿಡಿ ಎಂದು ನಾನು ಅವನಿಗೆ ಹೇಳಿದೆ. ಅವನು ಊಟದ ತಟ್ಟೆ ಬಿಟ್ಟು ಎದ್ದ. ಮರುದಿನ ಕಸ್ತೂರಿಯೇ ನನ್ನ ಹತ್ತಿರ ಬಂದು, ಒಂದೇ ಒಲೆಯವಳು ನೀನೂ ಹೌದಲ್ಲ, ನೀನೇ ಕೂರು ಎಂದಳು. ಅತ್ತೆಯ ಕೈಯಲ್ಲಿ ಅಳಿಯ ಅಂಜಿಕೆ ಕೊಡುವುದೆಂದರೆ ಊರು ನಗುವುದಿಲ್ಲವೇ ಎಂದು ನಾನು ಕೇಳಿದೆ. ಊರು ನಕ್ಕಿತು ಕೂಡ. ನಾನು ಕಂಬಳಿ ಹೊತ್ತುಕೊಂಡು ಕೆಳಗಿನ ಕೆರೆಗೆ ಹೋದ ದಿನ ಎದುರು ತಂಡದವರು ಕೋಲು ಕುಟ್ಟಿ ಸ್ವಾಗತಿಸಿದರು.

ಫಕೀರೇಶ ತಲೆ ತಗ್ಗಿಸಿ ನನ್ನ ಅಂಗೈಗೆ ಅಂಗೈ ಹಚ್ಚಿದ.

"ಇಟ್ಕೋರಿ ಅತ್ತಿ."

"ಇಟ್ಕೊಂಡೆ."

ಅಷ್ಟೇ ನನಗೆ ಗೊತ್ತು. ಹೊಟ್ಟೆಯೊಳಗೆ ಯಾರೋ ತಣ್ಣೀರಿನ ಕೊಡ ಬೋರಲು ಹಾಕಿದಂತಾಯಿತು. ಬಿಲ್ಲೆ ಹಾರಿ ಬಂದು ಹಲ್ಲಿಗೆ ಬಡಿಯುತ್ತದೆ ಎಂದು ನನ್ನ ದವಡೆ ತಾನಾಗಿ ಬಿಗಿಯಿತು. ಮಂದಿ ನಗುತ್ತಾರೆ, ಕಾಲು ಮುರಿಯುತ್ತದೆ, ವಯಸ್ಸು ಮೀರಿಹೋಗುತ್ತಿದೆ, ಕೆಳಗಿನ ಕೆರೆಯವನಾಗಿಯೇ ಸಾಯುತ್ತೇನೆ. ಇದೆಲ್ಲ ಒಂದರ ಮೇಲೊಂದು ಬಂದು ಬಿತ್ತು. ಇವುಗಳ ನಡುವೆ ನನಗೆ ಒಂದು ಹೆಂಗಸಿನ ಕೆಮ್ಮು ಕೇಳಿಸಿತು. ಅದನ್ನು ಕೇಳಿ ನನ್ನ ಗಂಟಲಿನಲ್ಲಿ ರೊಟ್ಟಿ ಸಿಕ್ಕಿಕೊಂಡಂತಾಯಿತು. ಯಾರ ಕೆಮ್ಮು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅದು ನನ್ನದೇ. ಅಡುಗೆಮನೆಯಿಂದ ನಾನು ಕೆಮ್ಮಿದರೆ ನನ್ನ ಅಳಿಯ ಹೀಗೆ ಅಂಜುತ್ತಿದ್ದ. ನನಗೆ ನಾನೇ ಅಂಜಿ ನಡುಗುತ್ತ ಕೂತೆ. ಆದರೆ ಕಂಬಳಿಯಿಂದ ಮಾತ್ರ ಅಲುಗಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಆ ದಿನ ಅವನು ಗೋಲಿನ ಮೇಲೆ ಗೋಲು ಹೊಡೆದ. ಬಂದು ತನ್ನದನ್ನು ತಗೊಂಡ ಮೇಲೆ ಮೊದಲಿನ ಹಾಗೆ ತಲೆ ತಗ್ಗಿಸಿ, ನಿಮಗ ತ್ರಾಸ ಆತೇನ್ರಿ ಎಂದು ಕೇಳಿದ. ಏನಿಲ್ಲ ಎಂದೆ. ಅಂದಿನಿಂದ ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮುತ್ತಿದ್ದೆ.

ಹೀಗೆ ಕೆಲವು ಆಟ ಕಳೆದವು. ಒಂದು ಮಧ್ಯಾಹ್ನ ಹುಸೇನಬಿ ನನ್ನ ಕಂಬಳಿಯ ಪಕ್ಕ ಬಂದು ಕೂತಳು. ಅವಳು ಮೇಲಿನ ಕೆರೆಯ ದೊಡ್ಡ ಆಟಗಾರ ದಸ್ತಗೀರನ ತಾಯಿ, ಮಗನಿಗಾಗಿ ದಡ ಹಿಡಿದವಳು. ಕಾಗೆ ಕೂಗಿದರೂ ಅವಳ ಹೆಗಲು ಕುಣಿಯುತ್ತಿತ್ತು. ಕರಿಬಸಪ್ಪನವರು ಬಂದಿದ್ದಾರೆ ಎಂದು ಕಣ್ಣಿನಲ್ಲೇ ತೋರಿಸಿದಳು. ಆತ ಗಡ್ಡೆಗೆ ಬೆನ್ನು ಹಾಕಿ ನಿಂತಿದ್ದರು. ಆಟ ನೋಡಲು ಬಂದವರು ಹೀಗ್ಯಾಕೆ ನಿಂತಿದ್ದಾರೆ ಎಂದು ನಾನು ಕೇಳಿದೆ.

"ಅವರು ಗಡ್ಡಿ ನೋಡಂಗಿಲ್ಲವಾ, ದಡ ನೋಡ್ತಾರ" ಎಂದಳು ಹುಸೇನಬಿ. "ಹೊಡಿಯಾವ್ರು ಊರ ತುಂಬ ಅದಾರ. ಹಿಡಿಯಾವ್ರು ಎಲ್ಲಿ ಸಿಗ್ತಾರ? ನಿನ್ನ ಮಗಳು ದಡದಾಗ ಕುಂತು ಅಳತಿದ್ಲು. ಅದಕ್ಕ ನಿನ್ನ ಅಳಿಯನ್ನ ಬಿಟ್ಟು ಹೋಗತಿದ್ರು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ದಡದಲ್ಲಿದ್ದ ಕಾರಣವನ್ನು ಆ ಹುಡುಗ ಗೋಡೆಯ ಗಾರೆ ಉದುರಿಸಿ ಹುಡುಕುತ್ತಿದ್ದ. ಇನ್ನೊಂದು ಮಾತನ್ನೂ ಹುಸೇನಬಿ ಹೇಳಿದಳು. ಮೇಲಿನ ಕೆರೆಯ ದೊಡ್ಡ ಆಟಗಾರರು ಆಟ ಮುಗಿದ ಮೇಲೆ ತಮ್ಮ ಅಂಜಿಕೆಯನ್ನು ತಿರುಗಿ ತಗೊಳ್ಳುವುದಿಲ್ಲ. ಕೊಟ್ಟು ತಗೊಂಡು ಮಾಡಿದರೆ ಆಟದ ಮೊನೆ ಮೊಂಡಾಗುತ್ತದೆ ಎಂದು ಕರಿಬಸಪ್ಪನವರು ಹೇಳಿಕೊಡುತ್ತಾರೆ. ದಸ್ತಗೀರ ಬಿಟ್ಟುಹೋದದ್ದು ಅವಳೊಳಗೇ ಇದೆ. ಬಾವಿಗೆ ಒಬ್ಬಳೇ ಹೋಗಲಾರಳು, ಬಾಗಿಲು ಹಾಕಿದರೂ ಅಂಜಿಕೆ, ತೆಗೆದರೂ ಅಂಜಿಕೆ. ತಗೋ ಎಂದು ಕೈ ಚಾಚಿದರೆ ಮಗ ನಕ್ಕು ಮುಂದೆ ಹೋಗುತ್ತಾನೆ. ಕರೆ ಬಂದರೆ ಒಲ್ಲೆ ಅನ್ನು ಎಂದು ನನಗೆ ಹೇಳಿ, ಸೆರಗನ್ನು ಕಿವಿಗೆ ಒತ್ತಿಕೊಂಡು ಎದ್ದು ಹೋದಳು.

ಅದೇ ವಾರ ಕರೆ ಬಂತು. ನಾನು ಕಲ್ಲಿನಂತೆ ಕೂತದ್ದಕ್ಕೆ ಬಂದ ಕರೆ ಅದು. ಮೇಲಿನ ಕೆರೆಯಲ್ಲಿ ಒಂದು ಪರೀಕ್ಷೆಯ ಆಟ, ಅದರಲ್ಲಿ ಗೋಲು ಹೊಡೆದರೆ ಅಲ್ಲಿಯವನೇ ಆಗಿಬಿಡುತ್ತಾನೆ. ಕಸ್ತೂರಿ ದೊಡ್ಡ ಹೊಟ್ಟೆ ಹೊತ್ತುಕೊಂಡು ಓಣಿಯ ತುಂಬ ಬೆಲ್ಲ ಹಂಚಿದಳು.

ಮೇಲಿನ ಕೆರೆಯೆಂದರೆ ಹುಡುಗಾಟವಲ್ಲ. ಕೆಳಗಿನದರಲ್ಲಿ ಗಡ್ಡೆ ಒಡೆದರೆ ಮೊಣಕಾಲು ನೀರು, ಬಿದ್ದವನನ್ನು ನೋಡಿ ನಗುತ್ತೇವೆ. ಮೇಲಿನದರ ತಳ ಕಂಡವರಿಲ್ಲ. ಅಲ್ಲಿ ಒಳಗೆ ಹೋದವರ ಕೋಲುಗಳನ್ನು ದಡದ ಹುಣಸೆಮರಕ್ಕೆ ಕಟ್ಟುತ್ತಾರೆ. ಗಾಳಿ ಬಂದರೆ ಅವು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಆ ಸದ್ದು ನನ್ನ ಖಾನಾವಳಿಯವರೆಗೂ ಬರುತ್ತದೆ.

ಪರೀಕ್ಷೆಗೆ ಮೊದಲು ದಸ್ತಗೀರ ಊಟಕ್ಕೆ ಬಂದ. ದೊಡ್ಡ ಆಟಗಾರ ಬಂದನೆಂದು ಮಂದಿ ಎದ್ದು ಜಾಗ ಬಿಟ್ಟರು. ಒಲೆಯಿಂದ ಆಗಷ್ಟೇ ಇಳಿಸಿದ ಸಾರನ್ನು ನಾನು ಬಡಿಸಿದೆ, ಬಿಸಿ ಇದೆ ಎಂದೂ ಹೇಳಿದೆ. ಅವನು ಬಟ್ಟಲನ್ನು ಎತ್ತಿ ಗಟಗಟ ಕುಡಿದ. ತುಟಿ ಕೆಂಪಾಗಿ ಬೊಬ್ಬೆ ಎದ್ದಿತು. ಕಣ್ಣಲ್ಲಿ ನೀರು ಬಂತು, ಅದು ಬಿಸಿಗೆ ಬಂದ ನೀರು ಅಷ್ಟೇ. ಮುಖ ಇದ್ದ ಹಾಗೇ ಇತ್ತು. ರುಚಿಯಾಗಿದೆ, ಇನ್ನೊಂದು ಬಟ್ಟಲು ಹಾಕು ಎಂದ. ನಾನು ಹಾಕಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಫಕೀರೇಶ ಇದನ್ನೆಲ್ಲ ನೋಡಿದ. ದಸ್ತಗೀರ ಹೋದ ಮೇಲೆ ನಾನು ಅಳಿಯನನ್ನು ಕೂರಿಸಿಕೊಂಡು, ಅಂಜಿಕೆ ತಿರುಗಿ ತಗೊಳ್ಳದವರ ಬಗ್ಗೆ ಹುಸೇನಬಿ ಹೇಳಿದ್ದನ್ನು ಹೇಳಿದೆ. ಅವನಿಗೆ ಆಗಲೇ ಗೊತ್ತಿತ್ತು.

"ನಾ ಹಂಗ ಆಗಂಗಿಲ್ರಿ ಅತ್ತಿ" ಎಂದ. "ಆಟ ಮುಗದ ಕೂಡ್ಲೆ ಬಂದು ನಿಮ್ಮ ಕೈಯಾಗಿಂದು ತಗೋತೀನಿ. ಯಾರ ಬ್ಯಾಡಂದ್ರೂ ತಗೋತೀನಿ. ಒಮ್ಮೆ ಆ ಗಡ್ಡಿ ಮ್ಯಾಲ ಒಂದು ಗೋಲು ಹೊಡೀಲಿಲ್ಲಂದ್ರ ನಾ ಹುಟ್ಟಿದ್ದ ಸುಳ್ಳರಿ."

ಬೇಡ ಎನ್ನಬಹುದಿತ್ತು. ಆದರೆ ಕೆಳಗಿನ ಕೆರೆಯವನಾಗಿಯೇ ಸಾಯುತ್ತೇನೆ ಎಂಬ ಅವನ ಅಂಜಿಕೆಯನ್ನು ನಾನು ನನ್ನ ಹೊಟ್ಟೆಯಲ್ಲೇ ಇಟ್ಟುಕೊಂಡವಳು. ಅದು ಎಷ್ಟು ಕಚ್ಚುತ್ತದೆ ಎನ್ನುವುದು ಅವನಷ್ಟೇ ನನಗೂ ಗೊತ್ತಿತ್ತು. ಆಯಿತು ಎಂದೆ.

ಪರೀಕ್ಷೆಯ ದಿನ ಬಿಸಿಲು ಸುಡುತ್ತಿತ್ತು. ಮೇಲಿನ ಕೆರೆಯ ಗಡ್ಡೆ ಗಾಜಿನ ಹಾಗೆ ತಿಳಿ, ಕೆಳಗೆ ಕಪ್ಪು ಮಾತ್ರ ಕಾಣುತ್ತದೆ. ಹುಣಸೆಮರದ ಕೋಲುಗಳು ಕಟಕಟ ಎನ್ನುತ್ತಿದ್ದವು. ಫಕೀರೇಶ ಅಂಗೈ ಹಚ್ಚಿದ, ಅದು ಬೆವರಿನಿಂದ ಜಾರುತ್ತಿತ್ತು. ಇಟ್ಕೋರಿ ಎಂದ. ಇಟ್ಕೊಂಡೆ ಎಂದೆ.

ಕೆಳಗಿನ ಕೆರೆಯಲ್ಲಿ ಬಂದದ್ದು ಇದರ ಮುಂದೆ ಏನೂ ಅಲ್ಲ. ಗಡ್ಡೆಯ ಅಡಿಯ ಕಪ್ಪು ನನ್ನ ಪಾದದಿಂದಲೇ ಏರಿ ಬಂತು. ಮೂಗಿನಲ್ಲಿ ನೀರು ತುಂಬಿದಂತಾಗಿ ನಾನು ಬಾಯಿಂದ ಉಸಿರೆಳೆದೆ. ಕಾಲುಗಳು ಎದ್ದು ಓಡು ಎನ್ನುತ್ತಿದ್ದವು. ನಾನು ಎದ್ದರೆ ಇದೆಲ್ಲ ಹಾರಿ ಅವನಿಗೆ ಹೋಗುತ್ತದೆ, ಅವನ ಕೆಳಗೆ ಗಡ್ಡೆ ಬಾಯಿ ಬಿಡುತ್ತದೆ, ಅವನ ಕೋಲನ್ನು ಮರಕ್ಕೆ ಕಟ್ಟುತ್ತಾರೆ. ಗೊತ್ತಿದ್ದರೂ ಸೊಂಟ ಮೇಲೇಳುತ್ತಿತ್ತು. ಕೆರೆಯ ನಡುವೆ ಲಟ್ಟೆಂದು ಒಂದು ಸದ್ದಾಯಿತು. ಮಂದಿ ಹೋ ಎಂದರು. ಪಕ್ಕದ ಕಂಬಳಿಯಿಂದ ಹುಸೇನಬಿ, ಗಡ್ಡೆಯ ಕಡೆ ನೋಡಬೇಡ, ಮನಸ್ಸಿನಲ್ಲೇ ಅಡುಗೆ ಮಾಡು ಎಂದಳು. ನಾನು ಕಣ್ಣು ಬಿಗಿದು ಮುಚ್ಚಿ, ಕಂಬಳಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದೆ. ನಾದಿದೆ, ತಟ್ಟಿದೆ, ಹಂಚಿಗೆ ಹಾಕಿದೆ, ಒದ್ದೆ ಬಟ್ಟೆಯಿಂದ ಒರೆಸಿ ತಿರುವಿದೆ. ಮತ್ತೆ ನಾದಿದೆ. ಊರಿಗೆಲ್ಲ ಬಡಿಸುವಷ್ಟು ರೊಟ್ಟಿ ಬೇಯಿಸಿದೆ.

ಆ ರೊಟ್ಟಿಗಳ ನಡುವೆ ನನಗೆ ಇನ್ನೂ ಒಂದು ಸಿಕ್ಕಿತು. ಎಲ್ಲದರ ತಳದಲ್ಲಿ ಇತ್ತು ಅದು, ಹೊಸದು. ತಾನು ನನ್ನೆದುರು ಬಂದು ನಿಂತು, ನನ್ನ ಚಾಚಿದ ಕೈ ನೋಡಿ, ತಗೊಳ್ಳದೆ ಹೋಗಿಬಿಡಬಹುದೇನೋ ಎನ್ನುವ ಅವನ ಅಂಜಿಕೆ. ತನ್ನ ಬಗ್ಗೆ ತಾನೇ ಅಂಜಿದ್ದ. ನೀರಿನ ಅಂಜಿಕೆಗಿಂತ ಅದೇ ದೊಡ್ಡದಿತ್ತು.

ಒಮ್ಮೆಲೇ ದಡವೆಲ್ಲ ಕೂಗಿತು. ಗೋಲು, ಫಕೀರೇಶನದು ಎಂದರು. ಆಟ ಮುಗಿಯಿತು ಎಂದರು. ಕಣ್ಣು ತೆಗೆದರೆ ಅವನು ಕೋಲನ್ನು ಹೆಗಲ ಮೇಲಿಟ್ಟುಕೊಂಡು ನನ್ನ ಕಡೆ ನಡೆದು ಬರುತ್ತಿದ್ದ. ಪಕ್ಕದಲ್ಲಿ ಕರಿಬಸಪ್ಪನವರು ಅವನ ಬೆನ್ನು ತಟ್ಟಿ ಏನೋ ಹೇಳುತ್ತಿದ್ದರು. ನಾನು ಎರಡೂ ಕೈ ಚಾಚಿದೆ. ತಗೋರಿ ಎಂದೆ.

ಅವನು ನನ್ನನ್ನು ನೋಡಿದ. ಮದುವೆಯಾದಂದಿನಿಂದ ಒಮ್ಮೆಯೂ ನನ್ನ ಮುಖವನ್ನು ನೇರ ನೋಡದವನು ಈಗ ಮೇಜು ಕುರ್ಚಿ ನೋಡಿದ ಹಾಗೆ ನೋಡಿದ.

"ನೀನ ಇಟ್ಕೋ" ಎಂದ.

ನೀನು ಎಂದ. ಬೈದಿದ್ದರೆ ಇಷ್ಟು ಅಂಜುತ್ತಿರಲಿಲ್ಲ ನಾನು. ಕರಿಬಸಪ್ಪನವರು ನನಗೆ ಸಮಾಧಾನ ಹೇಳಿದರು. ರೂಢಿಯಾಗುತ್ತದೆ, ನಿಮ್ಮಂಥ ಗಟ್ಟಿ ಹೆಂಗಸು ಈ ದಡಕ್ಕೆ ಬಂದಿಲ್ಲ, ಅಳಿಯನನ್ನು ದೊಡ್ಡವನನ್ನಾಗಿ ಮಾಡಿದಿರಿ ಎಂದರು. ಫಕೀರೇಶ ಆಗಲೇ ಬೂಟಿನ ದಾರ ಬಿಚ್ಚುತ್ತಿದ್ದ. ಮಗಳ ಹೆರಿಗೆ ಹತ್ತಿರವಿದೆ, ಮನೆಗೆ ಹೋಗಬೇಕು ಎಂದು ನಾನು ನೆನಪಿಸಿದೆ. ಅದಕ್ಕೆ ಅವನು ಹೌದಲ್ಲ ಎಂದ, ಯಾರದೋ ಎಮ್ಮೆ ಈಯುವ ಸುದ್ದಿ ಕೇಳಿದವನ ಹಾಗೆ.

ಅಂಜಿಕೆ ಇಲ್ಲದವನಿಗೆ ಏನೆಂದು ಬೆದರಿಸುವುದು? ನಾಳೆ ನಾನು ದಡಕ್ಕೆ ಬರುವುದಿಲ್ಲ ಎಂದರೆ, ಬರಬೇಡ ಎಂದು ಗಡ್ಡೆಗೆ ಇಳಿದು ಮುಳುಗುತ್ತಾನೆ. ಅತ್ತರೆ ದಸ್ತಗೀರನ ಹಾಗೆ ನಕ್ಕು ಹೋಗುತ್ತಾನೆ. ನನ್ನ ಹತ್ತಿರ ಇದ್ದದ್ದು ಒಂದೇ, ಅವನು ನಂಬಿ ಕೊಟ್ಟದ್ದು. ಅದರ ಗುಟ್ಟನ್ನು ಒಡೆದರೆ ಏನಾಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕಂಬಳಿಯ ಮೇಲೆ ಕೂತಲ್ಲಿಂದ ಗಟ್ಟಿಯಾಗಿ ಮಾತಾಡಿದೆ. ಎರಡೂ ತಂಡದವರು ಅಲ್ಲೇ ಇದ್ದರು.

ಇವನು ಎಡಗಡೆಯಿಂದ ಬಂದ ಬಿಲ್ಲೆಗೆ ಕಣ್ಣು ಮುಚ್ಚುತ್ತಾನೆ ಎಂದೆ. ಬಲ ಮೊಣಕಾಲಿಗೆ ಕೋಲು ತಾಗಿದರೆ ಎದೆಯೊಡೆಯುತ್ತದೆ, ಒಮ್ಮೆ ಮುರಿದದ್ದು ಮತ್ತೆ ಮುರಿಯುತ್ತದೆಂದು. ಅತ್ತೆಯ ಕೆಮ್ಮಿಗೆ ಅಂಜುತ್ತಾನೆ, ಮಂದಿಯ ನಗೆಗೆ ಅಂಜುತ್ತಾನೆ. ಹುಟ್ಟಲಿರುವ ಕೂಸನ್ನು ಎತ್ತಿಕೊಳ್ಳಲು ಅಂಜುತ್ತಾನೆ, ಕೋಲು ಹಿಡಿದ ಕೈಯಿಂದ ಅದು ಜಾರುತ್ತದೆಂದು. ಹುಸೇನಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಊರು ಹುಟ್ಟಿದಂದಿನಿಂದ ದಡದಲ್ಲಿ ಹೀಗೆ ಮಾತಾಡಿದವರು ಬಹಳ ಮಂದಿ ಇರಲಾರರು. ಕೊನೆಗೆ ಅವನ ಕಡೆ ತಿರುಗಿ ತಳದಲ್ಲಿದ್ದದ್ದನ್ನೂ ಹೇಳಿದೆ.

"ಒಂದಿನ ನನ್ನ ಮುಂದ ಹಿಂಗ ನಿಂತು ಒಲ್ಲೆ ಅಂತೀರಿ ಅಂತ ಎಲ್ಲಾಕ್ಕಿಂತ ಜಾಸ್ತಿ ಅಂಜಿದ್ರಿ ನೀವು. ಅದೂ ನನ್ನ ಹಂತೇಕನ ಐತಿ."

ಅವನು ಬೇರೆ ಯಾರದೋ ಮಾತು ಕೇಳಿದಂತೆ ಕೇಳಿದ. ಆದರೆ ಕರಿಬಸಪ್ಪನವರ ಕೈ ಅವನ ಬೆನ್ನ ಮೇಲಿಂದ ಕೆಳಗಿಳಿಯಿತು. ಎದುರು ತಂಡದ ಇಬ್ಬರು ಅವನ ಬಲ ಮೊಣಕಾಲನ್ನು ನೋಡುತ್ತಿದ್ದರು. ಎಲ್ಲಿ ಹೊಡೆದರೆ ಬೀಳುತ್ತಾನೆ ಎನ್ನುವುದು ಕೆರೆಗೆಲ್ಲ ಗೊತ್ತಾದ ಆಟಗಾರ ಯಾರಿಗೆ ಬೇಕು, ದಡವೇ ಬಾಯಿ ಬಿಟ್ಟ ಮೇಲೆ ಅವನಿಗೆ ದಡವಾದರೂ ಎಲ್ಲಿ. ಇವನು ಇನ್ನು ಎರಡೂ ಕೆರೆಗೆ ಇಲ್ಲ ಎಂದು ಹೇಳಿ ಕರಿಬಸಪ್ಪನವರು ಹೊರಟುಹೋದರು. ಮಂದಿಯೂ ಕರಗಿತು.

ಅಂಜಿಕೆಯನ್ನು ನನ್ನ ಹತ್ತಿರ ಬಿಡುವುದರಿಂದ ಈಗ ಲಾಭವಿಲ್ಲ ಎಂದು ಫಕೀರೇಶನಿಗೇ ಅನಿಸಿರಬೇಕು. ಹಂಗಾದ್ರ ಕೊಡು ಎಂದು ಕೈ ಮುಂದೆ ಮಾಡಿದ. ಕೊಟ್ಟೆ. ತಗೊಂಡೆ ಎನ್ನುವ ಮಾತು ಅವನ ಬಾಯಿಂದ ಪೂರ್ತಿ ಹೊರಗೆ ಬರುವ ಮೊದಲೇ ಕಂಬಳಿಯ ಪಕ್ಕ ಕುಸಿದ. ಸುತ್ತ ನೋಡಿದ, ಖಾಲಿ ದಡ ನೋಡಿದ, ಏನು ಹೋಯಿತು ಎನ್ನುವುದು ಅವನಿಗೆ ಆಗ ತಿಳಿಯಿತು.

"ಏನ್ ಮಾಡಿದ್ರಿ ಅತ್ತಿ."

ಮಾಡಿದ್ರಿ ಎಂದ. ಅದನ್ನು ಕೇಳಿ ನನ್ನ ಜೀವ ತಣ್ಣಗಾಯಿತು, ಅದೇ ಹೊತ್ತಿಗೆ ಮಾಡಿದ್ದಕ್ಕೆ ಸಂಕಟವೂ ಆಯಿತು. ಅವನನ್ನು ನಡೆಸಿಕೊಂಡು ಮನೆಗೆ ಬಂದೆ. ಅವನು ದಾರಿಯುದ್ದಕ್ಕೂ ಅಳುತ್ತಿದ್ದ, ನಾನು ಅಳಬೇಡಿ ಎನ್ನಲಿಲ್ಲ.

ಕಸ್ತೂರಿಗೆ ಹೆಣ್ಣು ಹುಟ್ಟಿತು. ಫಕೀರೇಶ ಈಗ ಖಾನಾವಳಿಯಲ್ಲಿ ನನ್ನ ಜೊತೆ ದುಡಿಯುತ್ತಾನೆ. ಕೂಸನ್ನು ಎತ್ತಿಕೊಂಡರೆ ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಾನೆ, ಬಾಗಿಲು ದಾಟುವಾಗ ಹೊಸ್ತಿಲ ಹತ್ತಿರ ನಿಂತು ಕಾಲು ಎತ್ತುತ್ತಾನೆ. ನನ್ನ ಜೊತೆ ಮೊದಲಿಗಿಂತ ಕಡಿಮೆ ಮಾತು. ಮಗಳು ಎಷ್ಟೋ ದಿನ ನನ್ನ ಕೈಯ ಊಟ ಮಾಡಲಿಲ್ಲ.

ಒಂದು ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ಅವನು ಈರುಳ್ಳಿ ಹೆಚ್ಚುತ್ತ ಕೂತಿದ್ದ. ತಲೆ ಎತ್ತದೆ, ಆ ಗೋಲು ಹೆಂಗಿತ್ರಿ ಎಂದು ಕೇಳಿದ. ಹೊಡೆದದ್ದು ಗೊತ್ತಂತೆ, ಆದರೆ ಅದರ ನೆನಪು ಇಲ್ಲವಂತೆ. ಎದೆ ಹೊಡೆದುಕೊಳ್ಳದೆ ಹೊಡೆದದ್ದು ಮನಸ್ಸಿನಲ್ಲಿ ನಿಲ್ಲಲೇ ಇಲ್ಲವಂತೆ. ಜೀವಮಾನವೆಲ್ಲ ಬೇಕೆಂದದ್ದು ಬಂದು ಹೋದದ್ದೇ ತಿಳಿಯಲಿಲ್ಲ, ನೀವಾದರೂ ದಡದಲ್ಲಿದ್ದಿರಲ್ಲ ಎಂದ.

ನಾನು ಕಣ್ಣು ಮುಚ್ಚಿ ರೊಟ್ಟಿ ಬೇಯಿಸುತ್ತಿದ್ದೆ ಎಂದು ಅವನಿಗೆ ಹೇಗೆ ಹೇಳಲಿ? ನೋಡಿದೆ ಎಂದೆ. ಕೆರೆಯ ನಡುವಿನಿಂದ ಬಿಲ್ಲೆ ತಂದಿರಿ, ಇಬ್ಬರನ್ನು ದಾಟಿದಿರಿ, ಬಲೆ ಕಾಯುವವನು ಕೆಳಗೆ ಬಿದ್ದ, ನೀವು ಸ್ವಲ್ಪ ತಡೆದು ಅವನ ಮೇಲಿಂದ ಎತ್ತಿ ಹಾಕಿದಿರಿ ಎಂದೆ. ಅವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದ. ತಡದ್ನೇನ್ರಿ ಎಂದ. ತಡೆದಿರಿ ಎಂದೆ. ಅವನ ಮುಖ ಅರಳಿತು.

ಆಮೇಲೆ ಬೇಗ ಬೇಗ ಕೇಳತೊಡಗಿದ. ಆ ಇಬ್ಬರು ಯಾವ ಕಡೆಯಿಂದ ಬಂದರು, ಬಿಲ್ಲೆ ಬಲೆಯ ಯಾವ ಮೂಲೆಗೆ ಬಿತ್ತು. ಈಗಲೂ ಕೇಳುತ್ತಲೇ ಇರುತ್ತಾನೆ. ನಾನು ಹೇಳುತ್ತೇನೆ, ಹೇಳಿದ್ದನ್ನು ನೆನಪಿಡುತ್ತೇನೆ. ಮಲಗಿದಾಗ ನನಗೆ ನಾನೇ ಹೇಳಿಕೊಂಡು ತಪ್ಪಿಲ್ಲವೆಂದು ನೋಡಿಕೊಳ್ಳುತ್ತೇನೆ. ಒಂದು ಸಲ ತಪ್ಪಿದರೆ ಅವನಿಗೆ ತಿಳಿಯುತ್ತದೆ, ಗೋಲು ಇಬ್ಬರ ಹತ್ತಿರವೂ ಇಲ್ಲ ಎಂದು. ಅವನ ಅಂಜಿಕೆಯನ್ನು ಹಿಡಿದಾಗಲೂ ನಾನು ಇಷ್ಟು ಅಂಜಿರಲಿಲ್ಲ. ನಿನ್ನೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಇವಳಿಗೂ ಹೇಳ್ರಿ ಎಂದ. ನಾನು ಹಂಚನ್ನು ಕೆಳಗಿಳಿಸಿ, ಕೆರೆಯ ನಡುವಿನಿಂದ ಶುರು ಮಾಡಿದೆ.